ಹಾಸನದ ವಾಣಿಜ್ಯ ಕಟ್ಟಡಕ್ಕೆ ಎಸಿ: ಎಷ್ಟು ಟನ್, ಯಾವ ಬಗೆ?

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ನೆಲಮಹಡಿ ಸೇರಿ ಮೂರು ಅಂತಸ್ತಿನ ವಾಣಿಜ್ಯ ಕಟ್ಟಡ ಕಟ್ಟಿಸುತ್ತಿದ್ದೇವೆ. ಒಂದೊಂದು ಅಂತಸ್ತು ಸುಮಾರು 2,500 ಚದರಡಿ. ಕೆಳಗೆ ನಮ್ಮದೇ ಬಟ್ಟೆ ಅಂಗಡಿ, ನಡುವಿನದು ಕ್ಲಿನಿಕ್, ಲ್ಯಾಬ್, ಕಚೇರಿಗಳಿಗೆ ಬಾಡಿಗೆ, ಮೇಲೆ 150 ಜನ ಕೂರುವ ಸಭಾಂಗಣ. ಮುಂಭಾಗ ಪಶ್ಚಿಮಕ್ಕಿದೆ, ಪೂರ್ತಿ ಗಾಜು ಹಾಕುವ ಯೋಚನೆ. ಒಬ್ಬ ಕಂಟ್ರಾಕ್ಟರು 100 ಚದರಡಿಗೆ 1 ಟನ್ ಲೆಕ್ಕದಲ್ಲಿ 75 ಟನ್ ವಿಆರ್‌ಎಫ್‌ಗೆ (ಒಂದೇ ಔಟ್‌ಡೋರ್ ಯಂತ್ರಕ್ಕೆ ಹಲವು ಕೋಣೆಗಳ ಇಂಡೋರ್ ಜೋಡಿಸುವ ವ್ಯವಸ್ಥೆ) ಕೊಟೇಶನ್ ಕೊಟ್ಟಿದ್ದಾರೆ. ಇನ್ನೊಬ್ಬರು ಎಲ್ಲ ಕಡೆ ಸ್ಪ್ಲಿಟ್ ಸಾಕು ಅನ್ನುತ್ತಾರೆ. ಹಾಸನದ ಹವೆಗೆ ಎಸಿ ಯಾಕೆ, ಕೂಲರ್ ಸಾಲದೇ ಎಂದು ಮನೆಯ ಹಿರಿಯರು ಕೇಳುತ್ತಿದ್ದಾರೆ. ಮೊದಲ ಮೋಲ್ಡ್ ಇನ್ನೂ ಹಾಕಿಲ್ಲ. ಯಾರ ಮಾತು ಕೇಳೋಣ?

ಉತ್ತರ: 75 ಟನ್ ಬೇಡ. ಗಾಜು ಮತ್ತು ತಾರಸಿಯನ್ನು ಸರಿಯಾಗಿ ಮಾಡಿಸಿದರೆ ನಿಮ್ಮ ಕಟ್ಟಡಕ್ಕೆ 30 ಟನ್ ಆಸುಪಾಸು ಸಾಕು. ಅದನ್ನೂ ಒಂದೇ ದೊಡ್ಡ ವ್ಯವಸ್ಥೆಯಾಗಿ ಅಲ್ಲ, ಮಹಡಿಗೊಂದು ಬಗೆಯಾಗಿ ಹಂಚಬೇಕು. ಮೋಲ್ಡ್ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಎಸಿಯಲ್ಲಿ ಕೆಡುವ ಅರ್ಧದಷ್ಟು ಕೆಲಸ ಕೆಡುವುದು ಸಿವಿಲ್ ಹಂತದಲ್ಲೇ.

ಚದರಡಿ ಲೆಕ್ಕದಿಂದಲೇ ಶುರು ಮಾಡೋಣ. 1 ಟನ್ ಅಂದರೆ ಗಂಟೆಗೆ 12,000 ಬಿಟಿಯು, ಅಂದರೆ 3.517 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಆ ಶಾಖ ನೆಲದ ಅಳತೆಯಿಂದ ಹುಟ್ಟುವುದಿಲ್ಲ. ಗಾಜು, ತಾರಸಿ, ಜನ, ದೀಪ, ಹೊರಗಿನಿಂದ ಬರುವ ಗಾಳಿ ಇವುಗಳಿಂದ ಹುಟ್ಟುತ್ತದೆ. ನೂರಕ್ಕೊಂದು ಟನ್ ಅನ್ನುವುದು ಬಿಸಿಲ ಸೀಮೆಯ, ಮೇಲೆ ಬರಿ ತಾರಸಿ ಇರುವ, ಜನ ಕಿಕ್ಕಿರಿದ ಕೋಣೆಗಳ ರೂಢಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 34–35 ಡಿಗ್ರಿ ಮುಟ್ಟಿದರೆ ಅದೇ ಹೆಚ್ಚು. ಬಳ್ಳಾರಿಯ ಲೆಕ್ಕ ಇಲ್ಲಿ ಕೂರುವುದಿಲ್ಲ.

ನಿಮ್ಮ ಬಟ್ಟೆ ಅಂಗಡಿಯನ್ನೇ ಲೆಕ್ಕ ಹಾಕಿ ನೋಡಿ. ಸಂಜೆ 4–5 ಗಂಟೆ, ಏಪ್ರಿಲ್, ಸಿಬ್ಬಂದಿ ಗಿರಾಕಿಗಳು ಸೇರಿ 60 ಜನ. ನಿಂತು ಓಡಾಡುವ ಒಬ್ಬ ವ್ಯಕ್ತಿಯಿಂದ ಸುಮಾರು 75 ವ್ಯಾಟ್ ಬಿಸಿ, 55 ವ್ಯಾಟ್‌ನಷ್ಟು ತೇವದ ಶಾಖ. ಒಟ್ಟು 7.8 ಕಿಲೋವ್ಯಾಟ್, ಅಂದರೆ 2.2 ಟನ್. ಬಟ್ಟೆ ಅಂಗಡಿಗೆ ಬೆಳಕು ಜಾಸ್ತಿ ಬೇಕು. ಚದರಡಿಗೆ 2 ವ್ಯಾಟ್ ಎಲ್‌ಇಡಿ ಅಂದರೂ 5 ಕಿಲೋವ್ಯಾಟ್, 1.4 ಟನ್. ಗೋಡೆಗೆ 0.8, ಬಿಲ್ಲಿಂಗ್ ಕಂಪ್ಯೂಟರ್ ಇತ್ಯಾದಿಗೆ 0.3. ಹೊರಗಾಳಿಗೆ ಸುಮಾರು 1.9, ಅದರ ವಿಚಾರ ಆಮೇಲೆ ಬರುತ್ತದೆ. ಮೇಲೆ ಇನ್ನೊಂದು ಮಹಡಿ ಇರುವುದರಿಂದ ತಾರಸಿ ಬಿಸಿಯಿಲ್ಲ.

ಉಳಿದದ್ದು ಗಾಜು. 40 ಅಡಿ ಅಗಲ, 10 ಅಡಿ ಎತ್ತರ ಅಂದರೆ 37 ಚದರ ಮೀಟರ್. ಪಶ್ಚಿಮದ ಇಳಿಬಿಸಿಲು ನೇರ ಬಡಿದರೆ ಸಾದಾ ಗಾಜಿನಿಂದ ಚದರ ಮೀಟರಿಗೆ 450–500 ವ್ಯಾಟ್ ಒಳಗೆ ಬರುತ್ತದೆ. ಸುಮಾರು 17 ಕಿಲೋವ್ಯಾಟ್, ಹತ್ತಿರ ಹತ್ತಿರ 5 ಟನ್! ಅರವತ್ತು ಜನರ ಶಾಖದ ಎರಡು ಪಟ್ಟಿಗಿಂತ ಹೆಚ್ಚು ಒಂದು ಗಾಜಿನ ಮುಖದಿಂದ. ಅದೇ ಜಾಗಕ್ಕೆ 0.27ರ ಆಸುಪಾಸಿನ ಎಸ್‌ಎಚ್‌ಜಿಸಿ ಇರುವ ಡಬಲ್ ಗ್ಲೇಜ್ಡ್ ಗಾಜು ಹಾಕಿ, ಮೇಲೆ ಮೂರಡಿ ಸಜ್ಜೆ ಬಿಟ್ಟರೆ 1.4 ಟನ್‌ಗೆ ಇಳಿಯುತ್ತದೆ. ಎಸ್‌ಎಚ್‌ಜಿಸಿ ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ ಅಂಕಿ. ಗಾಜಿನ ಅಂಗಡಿಯವರು ಬಣ್ಣ ತೋರಿಸುತ್ತಾರೆ, ನೀವು ಈ ಅಂಕಿ ಕೇಳಿ. ಕಪ್ಪಗೆ ಕಂಡ ಗಾಜೆಲ್ಲ ಬಿಸಿಲು ತಡೆಯುವುದಿಲ್ಲ. ಕೆಲವು ಬಿಸಿಲನ್ನು ಹೀರಿಕೊಂಡು, ತಾವೇ ಕಾದು, ಒಳಗೆ ಬಿಡುತ್ತವೆ.

ಎಲ್ಲ ಕೂಡಿಸಿ ಶೇ. 10 ಸೇರಿಸಿದರೆ ಸಾದಾ ಗಾಜಿಗೆ 12.7 ಟನ್, ಒಳ್ಳೆಯ ಗಾಜು ಮತ್ತು ಸಜ್ಜೆಗೆ 8.8 ಟನ್. ಕೊಟೇಶನ್ನಿನಲ್ಲಿ ಈ ಅಂತಸ್ತಿಗೆ ಬರುವ 25 ಎಲ್ಲಿ, ಇದೆಲ್ಲಿ! ಆ ಶೇ. 10 ಸುಮ್ಮನೆ ಸೇರಿಸಿದ್ದಲ್ಲ. ಕ್ಯಾಟಲಾಗಿನ ಟನ್ ಅಳೆಯುವುದು ಒಳಗೆ 27 ಡಿಗ್ರಿ ಇರುವಾಗ. ನೀವು 24ಕ್ಕೆ ಇಟ್ಟಾಗ ಅದೇ ಯಂತ್ರದ ಶಕ್ತಿ ಸ್ವಲ್ಪ ತಗ್ಗುತ್ತದೆ. ಜೊತೆಗೆ ಹಾಸನದ ಎತ್ತರದಲ್ಲಿ ಗಾಳಿ ಸುಮಾರು ಶೇ. 10ರಷ್ಟು ತೆಳು. ಫ್ಯಾನ್ ಅಷ್ಟೇ ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ತಳ್ಳಿದರೂ ಹೊತ್ತೊಯ್ಯುವ ಶಾಖ ಕಡಿಮೆ. ಇವೆರಡಕ್ಕೂ ಆ ಶೇ. 10 ಸಾಕು. ಅದರ ಮೇಲೆ ‘ಸೇಫ್ಟಿಗೆ’ ಎಂದು ಇನ್ನೊಂದು ಶೇ. 20 ಹಾಕಿಸಬೇಡಿ.

ಹೆಚ್ಚಿದ್ದರೆ ನಷ್ಟವೇನು, ಬೇಗ ತಂಪಾಗುತ್ತದಲ್ಲ ಎನ್ನುವವರಿದ್ದಾರೆ. ಹಾಸನ, ಚಿಕ್ಕಮಗಳೂರುಗಳಲ್ಲಿ ನಷ್ಟ ಗೊತ್ತಾಗುವುದು ಏಪ್ರಿಲ್‌ನಲ್ಲಲ್ಲ, ಜುಲೈಯಲ್ಲಿ. ಏಪ್ರಿಲ್‌ನ 34 ಡಿಗ್ರಿ ಗಾಳಿಯಲ್ಲಿ, ಬಿಸಿ ಮತ್ತು ತೇವ ಸೇರಿ, ಕಿಲೋಗ್ರಾಮಿಗೆ ಸುಮಾರು 71 ಕಿಲೋಜೂಲ್ ಇರುತ್ತದೆ. ಜುಲೈ ಮಳೆಯ 22 ಡಿಗ್ರಿ, ಶೇ. 90 ತೇವಾಂಶದ ಗಾಳಿಯಲ್ಲಿ ಸುಮಾರು 65. ಅಂಗಡಿಯೊಳಗೆ ಇರಬೇಕಾದ 24 ಡಿಗ್ರಿ, ಶೇ. 55ರ ಗಾಳಿಯಲ್ಲಿ 53. ಅಂದರೆ ಹೊರಗೆ ಚಳಿಚಳಿ ಅನ್ನಿಸುವ ದಿನವೂ ಹೊರಗಾಳಿಯ ಹೊರೆ ಏಪ್ರಿಲ್‌ನ ಮೂರರಲ್ಲಿ ಎರಡು ಪಾಲು ಇದ್ದೇ ಇದೆ. ಆದರೆ ಅದಷ್ಟೂ ತೇವ. ಥರ್ಮೋಸ್ಟಾಟ್‌ಗೆ ತೇವ ಕಾಣುವುದಿಲ್ಲ, ಡಿಗ್ರಿ ಮಾತ್ರ ಕಾಣುತ್ತದೆ.

25 ಟನ್ ಹಾಕಿದ ಅಂಗಡಿಯಲ್ಲಿ ಮಳೆಯ ದಿನ ಏನಾಗುತ್ತದೆ ನೋಡಿ. ಕಂಪ್ರೆಸರ್ ಶುರುವಾಗುತ್ತದೆ, ನಾಲ್ಕೈದು ನಿಮಿಷದಲ್ಲಿ ಕೋಣೆ 24ಕ್ಕೆ ಬರುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಕಾಯಿಲ್ (ಇಂಡೋರ್ ಯೂನಿಟ್ ಒಳಗೆ ಗಾಳಿ ತಣಿಸುವ ಪೈಪಿನ ಸುರುಳಿ) ಮೇಲೆ ಹನಿಗಟ್ಟಿದ ನೀರು ರೆಕ್ಕೆಗಳ ನಡುವೆ ಇನ್ನೂ ಅಂಟಿಕೊಂಡೇ ಇದೆ. ಟ್ರೇಗೆ ಇಳಿದು ಡ್ರೈನ್ ಸೇರುವಷ್ಟು ಹೊತ್ತು ಯಂತ್ರ ಓಡಲೇ ಇಲ್ಲ. ಇಂಡೋರ್ ಫ್ಯಾನ್ ಮಾತ್ರ ನಿಲ್ಲದೆ ತಿರುಗುತ್ತಿರುತ್ತದೆ, ಆ ನೀರನ್ನೇ ಮತ್ತೆ ಅಂಗಡಿಗೆ ಊದುತ್ತದೆ. ಗಿರಾಕಿಗೆ ಥಂಡಿ, ಮೈಯೆಲ್ಲ ಜಿಗುಟು. ಸಿಬ್ಬಂದಿ 20ಕ್ಕೆ ಇಳಿಸುತ್ತಾರೆ. ಆಗ ಶೋಕೇಸಿನ ಗಾಜು ಹೊರಗಿನಿಂದ ಬೆವರುತ್ತದೆ. ಎರಡು ಮಳೆಗಾಲದಲ್ಲಿ ಫಾಲ್ಸ್ ಸೀಲಿಂಗ್ ಅಂಚಿಗೆ ಕಪ್ಪು ಬೂಷ್ಟು, ರೇಷ್ಮೆ ಸೀರೆಗೆ ಮುಗ್ಗಲು ವಾಸನೆ, ಜರಿ ಕಪ್ಪಾಗುವುದು. ಯಂತ್ರ ಸಣ್ಣದಾದದ್ದಕ್ಕಲ್ಲ, ದೊಡ್ಡದಾದದ್ದಕ್ಕೆ ಬರುವ ಕಾಯಿಲೆ ಇದು.

ಈಗ ಹೊರಗಾಳಿ. ಇದನ್ನು ಹೆಚ್ಚಿನ ಕೊಟೇಶನ್‌ಗಳಲ್ಲಿ ಕೈಬಿಟ್ಟಿರುತ್ತಾರೆ. ಸ್ಪ್ಲಿಟ್, ಕ್ಯಾಸೆಟ್ (ಸೀಲಿಂಗಿನಲ್ಲಿ ಕೂರಿಸುವ ಎಸಿ) ಯಾವುದೂ ಹೊರಗಿನ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತವೆ. ಅಂಗಡಿಗೆ ತಲೆಗೆ 7.5 ಸಿಎಫ್‌ಎಂ, ಚದರಡಿಗೆ 0.12 ಸಿಎಫ್‌ಎಂ ಎಂಬುದು ಒಪ್ಪಿತ ಲೆಕ್ಕ. ನಿಮಗೆ 450 ಮತ್ತು 300, ಒಟ್ಟು 750 ಸಿಎಫ್‌ಎಂ. ಜುಲೈಯಲ್ಲಿ ಈ ಗಾಳಿಯೊಂದಿಗೇ ಗಂಟೆಗೆ 7 ಲೀಟರ್ ನೀರು ಒಳಗೆ ಬರುತ್ತದೆ. ಅರವತ್ತು ಜನರ ಬೆವರು, ಉಸಿರಿನಿಂದ ಇನ್ನೊಂದು 5 ಲೀಟರ್. ಇದಕ್ಕೆ ಮದ್ದು ಹೊರಗಾಳಿ ನಿಲ್ಲಿಸುವುದಲ್ಲ, ಇಆರ್‌ವಿ ಹಾಕುವುದು. ಇಆರ್‌ವಿಯೊಳಗೆ ಹೊರಹೋಗುವ ಒಣ ತಂಪು ಗಾಳಿಯೂ ಒಳಬರುವ ಹಸಿ ಗಾಳಿಯೂ ತೆಳು ಪೊರೆಯ ಎರಡು ಬದಿಯಲ್ಲಿ ಹಾದುಹೋಗುತ್ತವೆ. ಶಾಖ, ತೇವ ಎರಡರಲ್ಲೂ ಸುಮಾರು ಶೇ. 60 ಅಲ್ಲೇ ಅದಲುಬದಲಾಗುತ್ತದೆ. 7 ಲೀಟರ್ 3ರ ಹತ್ತಿರ ಬರುತ್ತದೆ. ಗಂಟೆಗೆ 650 ಘನ ಮೀಟರಿನ ಎರಡು ಇಆರ್‌ವಿ ನಿಮ್ಮ ಅಂಗಡಿಗೆ ಸಾಕು. ಕೊಳ್ಳುವಾಗ ಬರಿ ಶಾಖ ದಾಟಿಸುವ ಅಲ್ಯೂಮಿನಿಯಂ ಕೋರ್ ಅಲ್ಲ, ತೇವವನ್ನೂ ದಾಟಿಸುವ ಎಂಥಾಲ್ಪಿ ಕೋರ್ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ಮಾತು: ಅಂಗಡಿಯ ಬಾಗಿಲು ದಿನವಿಡೀ ತೆರೆದೇ ಇಡುವ ರೂಢಿ ಇದ್ದರೆ ಇಲ್ಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ತಾನೇ ಮುಚ್ಚಿಕೊಳ್ಳುವ ಫ್ಲೋರ್ ಸ್ಪ್ರಿಂಗ್ ಬಾಗಿಲು ಬೇಕೇ ಬೇಕು. ಏರ್ ಕರ್ಟನ್ ಅದಕ್ಕೆ ಬದಲಿಯಲ್ಲ.

ಹಿರಿಯರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಏಪ್ರಿಲ್‌ನ 34 ಡಿಗ್ರಿ ಒಣ ಗಾಳಿಯನ್ನು ಒಳ್ಳೆಯ ಡಕ್ಟ್ ಕೂಲರ್ 25ರ ಹತ್ತಿರ ತರುತ್ತದೆ. ಅಡುಗೆಮನೆ, ಟೈಲರಿಂಗ್ ಜಾಗ, ಬಟ್ಟೆ ಇಡದ ಗೋದಾಮಿಗೆ ಅದು ಚೆನ್ನ, ಖರ್ಚೂ ಕಡಿಮೆ. ಆದರೆ ಕೂಲರ್ ತಂಪು ಮಾಡುವುದೇ ಗಾಳಿಗೆ ನೀರು ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಿಂದ ಉಪಯೋಗವಿಲ್ಲ. ಸೀರೆ ಅಂಗಡಿಗೆ ಯಾವ ಕಾಲಕ್ಕೂ ಬೇಡ.

ಇನ್ನು ಯಾವ ಮಹಡಿಗೆ ಏನು.

ಅಂಗಡಿಗೆ ಡಕ್ಟಬಲ್, ಅಂದರೆ ಸೀಲಿಂಗ್ ಒಳಗಿನ ಡಕ್ಟ್ (ಗಾಳಿ ಕೊಳವೆ) ಮೂಲಕ ತಂಪು ಹಂಚುವ ಎಸಿ. ಒಂದೇ ತೆರೆದ ಜಾಗ, ಒಂದೇ ಮಾಲೀಕ, ಒಂದೇ ಸಮಯ. ಇಂಥದ್ದಕ್ಕೆ ವಿಆರ್‌ಎಫ್ ದುಂದು. ಡಕ್ಟಬಲ್‌ಗಳು ಸಾಮಾನ್ಯವಾಗಿ 5.5, 8.5, 11 ಟನ್‌ಗಳಲ್ಲಿ ಸಿಗುತ್ತವೆ. ನಿಮ್ಮ 8.8ಕ್ಕೆ 8.5ರ ಒಂದು ಯಂತ್ರಕ್ಕಿಂತ 5.5ರ ಎರಡು ಹಾಕಿ. ಮಳೆಗಾಲದ ಬೆಳಗ್ಗೆ ಒಂದೇ ಓಡಲಿ, ತಡೆಯಿಲ್ಲದೆ ಹೆಚ್ಚು ಹೊತ್ತು ಓಡಲಿ, ನೀರು ತೆಗೆಯಲಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಹಬ್ಬದ ವ್ಯಾಪಾರ ನಡೆಯುತ್ತದೆ. ಇನ್ವರ್ಟರ್ ಮಾದರಿ ಆದರೆ ಒಂದು ಎಚ್ಚರ: ಕಂಪ್ರೆಸರ್ ನಿಧಾನವಾದಾಗ ಫ್ಯಾನೂ ನಿಧಾನವಾಗಬೇಕು. ಫ್ಯಾನ್ ಪೂರ್ತಿ ವೇಗದಲ್ಲೇ ಇದ್ದರೆ ಕಾಯಿಲ್ ಸಾಕಷ್ಟು ತಣ್ಣಗಾಗದೆ ತೇವ ಹಿಡಿಯುವುದಿಲ್ಲ. ಟನ್‌ಗೆ ರೂಢಿಯ 400 ಸಿಎಫ್‌ಎಂ ಬದಲು 350ಕ್ಕೆ ಹೊಂದಿಸಲು ಹೇಳಿ. ಫ್ಯಾನ್ ‘ಆಟೋ’ದಲ್ಲಿರಲಿ, ಸದಾ ‘ಆನ್’ ಬೇಡ.

ಬಟ್ಟೆ ಅಂಗಡಿಯ ದೊಡ್ಡ ಶತ್ರು ನೂಲಿನ ಧೂಳು. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇಲ್ಲಿ ಸಾಲದು, ಹದಿನೈದು ದಿನಕ್ಕೊಮ್ಮೆ ಬೇಕು. ಫಿಲ್ಟರ್ ಕಟ್ಟಿದರೆ ಗಾಳಿ ಇಳಿಯುತ್ತದೆ, ಕಾಯಿಲ್ ಮಂಜುಗಟ್ಟುತ್ತದೆ, ಯಂತ್ರ ನಿಂತಾಗ ಮಂಜು ಕರಗಿ ಟ್ರೇ ತುಂಬಿ ಸೀರೆ ರ‍್ಯಾಕಿನ ಮೇಲೆ ಸುರಿಯುತ್ತದೆ. ಆದ್ದರಿಂದ ಇಂಡೋರ್ ಯೂನಿಟ್ ಸರಕಿನ ಮೇಲೆ ಬೇಡ, ಓಡಾಡುವ ದಾರಿಯ ಮೇಲಿರಲಿ. ಕೆಳಗೆ ಎರಡನೇ ಟ್ರೇ, ಅದಕ್ಕೆ ಬೇರೆ ಡ್ರೈನ್ ಇರಲಿ. ಕೈ ಹಾಕಿ ಫಿಲ್ಟರ್ ತೆಗೆಯುವಷ್ಟು ದೊಡ್ಡ ಬಾಗಿಲನ್ನು ಸೀಲಿಂಗಿನಲ್ಲಿ ಬಿಡಿಸಿ. ಇಂಟೀರಿಯರ್‌ನವರು ಚಂದಕ್ಕಾಗಿ ಅದನ್ನು ಒಂದಡಿಗೆ ಇಳಿಸಲು ನೋಡುತ್ತಾರೆ, ಬಿಡಬೇಡಿ.

ನಡುವಿನ ಮಹಡಿ ಬಾಡಿಗೆಗೆ ಎಂದಿದ್ದೀರಿ. ಕಂಟ್ರಾಕ್ಟರ ವಿಆರ್‌ಎಫ್ ಸಲಹೆ ಕಾಗದದ ಮೇಲೆ ಹೆಚ್ಚು ಹೊಂದುವುದು ಇಲ್ಲಿಗೇ: ಹಲವು ಕೋಣೆ, ಬೇರೆ ಬೇರೆ ಸಮಯ, ಬೇಡಿಕೆ ತಕ್ಕಂತೆ ಏರಿಳಿಯುವ ಕಂಪ್ರೆಸರ್. ಈ ಮಹಡಿಯ ಹೊರೆ 8 ಟನ್ ಆಸುಪಾಸು ಬರುತ್ತದೆ. ವಿಆರ್‌ಎಫ್‌ನವರು ಎಚ್‌ಪಿಯಲ್ಲಿ ಮಾತಾಡುತ್ತಾರೆ: 10 ಎಚ್‌ಪಿ ಅಂದರೆ 28 ಕಿಲೋವ್ಯಾಟ್, 8 ಟನ್. ಟನ್ ಮತ್ತು ಎಚ್‌ಪಿ ಒಂದೇ ಎಂದು ಎರಡು ಕೊಟೇಶನ್ ಹೋಲಿಸಿದರೆ ಶೇ. 20 ಮೋಸ ಹೋಗುತ್ತೀರಿ. ಆದರೂ ಬಾಡಿಗೆ ಮಹಡಿಗೆ ನಾನು ಒಂದೇ ವಿಆರ್‌ಎಫ್ ಹೇಳುವುದಿಲ್ಲ. ಕರೆಂಟ್ ಬಿಲ್ ಹಂಚುವ ಜಗಳ ತಿಂಗಳು ತಿಂಗಳೂ ಮಾಲೀಕರ ತಲೆಗೆ ಬರುತ್ತದೆ. ಔಟ್‌ಡೋರಿನ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಹೋದರೆ ಇಡೀ ಮಹಡಿ ಸೆಕೆಯಲ್ಲಿ ಕೂರುತ್ತದೆ. ಬಿಡಿಭಾಗ, ತರಬೇತಾದ ಎಂಜಿನಿಯರ್ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬರಬೇಕಾದರೆ ಎರಡು ಮೂರು ದಿನ ಹೋಗಿಬಿಡುತ್ತದೆ.

ಗ್ಯಾಸಿನ ವಿಚಾರವೂ ಇದೆ. ವಿಆರ್‌ಎಫ್‌ನಲ್ಲಿ ಸಾಮಾನ್ಯವಾಗಿ ತುಂಬುವ ಆರ್-410ಎ ಗ್ಯಾಸ್ ವಿಷವಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರಾಡುವ ಗಾಳಿಯ ಜಾಗ ತಿನ್ನುತ್ತದೆ. ಸುರಕ್ಷತಾ ಮಿತಿ ಘನ ಮೀಟರಿಗೆ ಸುಮಾರು 0.42 ಕೆಜಿ. ವೈದ್ಯರ 10×10 ಅಡಿ ಕೋಣೆ, 9 ಅಡಿ ಎತ್ತರ: 25.5 ಘನ ಮೀಟರ್. ಇಡೀ ಮಹಡಿಯ ವಿಆರ್‌ಎಫ್‌ನಲ್ಲಿ 12 ಕೆಜಿ ಗ್ಯಾಸ್ ಇದ್ದು ಅಷ್ಟೂ ಈ ಕೋಣೆಗೇ ಸೋರಿದರೆ 0.47. ಮಿತಿ ದಾಟಿತು. ಚಿಕ್ಕ ಕೋಣೆಗಳ ಮಹಡಿಗೆ ವಿಆರ್‌ಎಫ್ ಹಾಕುವವರು ಈ ಲೆಕ್ಕ ಮಾಡಿ ತೋರಿಸಬೇಕು. ಹೆಚ್ಚಿನವರು ಮಾಡುವುದಿಲ್ಲ.

ಅದರ ಬದಲು ಬಾಡಿಗೆದಾರರಿಗೊಂದು ಸ್ವಂತ ಮೀಟರ್, ಸ್ವಂತ ಔಟ್‌ಡೋರ್. ಎರಡು ಮೂರು ಕೋಣೆಯವರಿಗೆ ಇನ್ವರ್ಟರ್ ಸ್ಪ್ಲಿಟ್, ದೊಡ್ಡ ಕ್ಲಿನಿಕ್‌ಗೆ 4–6 ಎಚ್‌ಪಿಯ ಸಣ್ಣ ವಿಆರ್‌ಎಫ್. ಯಂತ್ರ ಅವರೇ ತರಲಿ, ದಾರಿ ನೀವು ಮಾಡಿಕೊಡಿ: ಗೋಡೆಯಲ್ಲಿ ಪೈಪಿಗೆ ಸ್ಲೀವ್, ಇಳಿಜಾರಿನ ಡ್ರೈನ್ ಲೈನ್, ಔಟ್‌ಡೋರ್‌ಗೆ ಗಾಳಿಯಾಡುವ ಸಜ್ಜೆ, ಪ್ರತಿ ಜಾಗಕ್ಕೆ ಬೇರೆ ಎಂಸಿಬಿ. ಹೀಗೆ ಮಾಡದಿದ್ದರೆ ಬಂದವರೆಲ್ಲ ಗೋಡೆ ಕೊರೆದು ಕಟ್ಟಡದ ಮುಖ ಕೆಡಿಸುತ್ತಾರೆ. ಔಟ್‌ಡೋರ್‌ಗಳನ್ನು ಕಿರಿದಾದ ಗಾಳಿಬಾವಿಯೊಳಗೆ ಒಂದರ ಮೇಲೊಂದು ಜೋಡಿಸಬೇಡಿ. ಕೆಳಗಿನದರ ಬಿಸಿ ಮೇಲಿನದಕ್ಕೆ ಹೋಗಿ, ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಮೇಲಿನದು ಹೈ ಪ್ರೆಶರ್‌ನಲ್ಲಿ ಟ್ರಿಪ್ ಆಗುತ್ತದೆ. ಮುಂದೆ ಒಂದು ಮೀಟರ್, ಹಿಂದೆ ಒಂದಡಿ ಬಿಡಿ. ಲ್ಯಾಬಿನ ಗಾಳಿ ಕಾಯುವ ಕೋಣೆಗೆ ಬರದಂತೆ ಅದಕ್ಕೆ ಪ್ರತ್ಯೇಕ ಎಕ್ಸಾಸ್ಟ್ ಬೇಕು. ರಾತ್ರಿಯೂ ತಂಪು ಬೇಕಾದ ಫ್ರಿಜ್ ಕೋಣೆಗೆ ಪ್ರತ್ಯೇಕ ಸ್ಪ್ಲಿಟ್ ಇರಲಿ.

ಮೇಲಿನ ಸಭಾಂಗಣದಲ್ಲಿ ಯಂತ್ರಕ್ಕಿಂತ ಮೊದಲು ತಾರಸಿ ನೋಡಿ. ಹಾಲ್ ಮೇಲಿನ ಸುಮಾರು 2,000 ಚದರಡಿ ಬರಿ ಮೋಲ್ಡ್ ಸಂಜೆ ಹೊತ್ತಿಗೆ ಸುಮಾರು 4 ಟನ್ ಶಾಖ ಒಳಗಿಳಿಸುತ್ತದೆ. ಮೇಲೆ ಶಾಖ ತಡೆಯುವ 75 ಮಿಮೀ ಎಕ್ಸ್‌ಪಿಎಸ್ ಅಥವಾ ಪಿಯು ಫೋಮ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಪದರ, ಬಿಳಿ ಟೈಲ್ ಹಾಕಿದರೆ 1 ಟನ್ ಒಳಗೆ. ಜಲನಿರೋಧಕ ಪದರ ಫೋಮ್‌ನ ಕೆಳಗಿರಲಿ, ಮೇಲೆ ಮಾತ್ರ ಹಾಕಿದರೆ ಬಿಸಿಲಿಗೆ ಸೀಳಿ ಫೋಮ್ ನೀರು ಕುಡಿಯುತ್ತದೆ. ಕೂತ 150 ಜನರಿಗೆ 4.9 ಟನ್, 870 ಸಿಎಫ್‌ಎಂ ಹೊರಗಾಳಿಗೆ 2.1, ದೀಪ, ಧ್ವನಿವರ್ಧಕ, ಗೋಡೆ, ಕಿಟಕಿ ಸೇರಿ 2.6. ತಾರಸಿ ಸರಿಮಾಡಿದರೆ ಶೇ. 10 ಸೇರಿ 11 ಟನ್ ಮೇಲೊಂದಿಷ್ಟು, ಮಾಡದಿದ್ದರೆ 15. ಇಲ್ಲೂ 5.5ರ ಎರಡು ಡಕ್ಟಬಲ್. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹಾಕಿಡಿ. ಇಲ್ಲಿ ಹೊರಗಾಳಿಯನ್ನು ಜನ ಇದ್ದಾಗ ಮಾತ್ರ ಬಿಡಬೇಕು, ಖಾಲಿ ಹಾಲ್‌ಗೆ ಮಳೆಗಾಳಿ ತುಂಬಬಾರದು. ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟು ಡ್ಯಾಂಪರ್ (ಡಕ್ಟಿನಲ್ಲಿ ಗಾಳಿ ಬಿಡುವ, ತಡೆಯುವ ಕದ) ನಡೆಸಿದರೆ ಚೆನ್ನ, ಇಲ್ಲವೆಂದರೆ ಒಂದು ಸ್ವಿಚ್ಚೂ ಸಾಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ಹಾಸನದ ಸಂಜೆ 20 ಡಿಗ್ರಿ ಆಸುಪಾಸು ಇರುತ್ತದೆ. ಆಗ ಹಾಲ್‌ಗೆ ಎಸಿಯೇ ಬೇಕಿಲ್ಲ. 5,000 ಸಿಎಫ್‌ಎಂ ಹೊರಗಾಳಿ ಹಾದುಹೋದರೆ ತುಂಬಿದ ಸಭೆಯೂ 25ರಲ್ಲಿ ಇರುತ್ತದೆ. ಒಂದು ಬದಿ ತೆರೆಯುವ ಕಿಟಕಿ, ಎದುರು ಬದಿ ಮುಚ್ಚಳವಿರುವ ದೊಡ್ಡ ಎಕ್ಸಾಸ್ಟ್ ಫ್ಯಾನ್ ಅಷ್ಟೇ. ಪೂರ್ತಿ ಗಾಜು ಮುಚ್ಚಿಸಿದರೆ ಈ ಪುಕ್ಕಟೆ ತಂಪು ಹೋಗುತ್ತದೆ. ಚಿಕ್ಕಮಗಳೂರಿನಲ್ಲಿ ಕಟ್ಟುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿ ತಂಪೂ ಜಾಸ್ತಿ, ಮಳೆಯೂ ಜಾಸ್ತಿ.

ಚಿಲ್ಲರ್ (ನೀರು ತಣಿಸಿ ಇಡೀ ಕಟ್ಟಡಕ್ಕೆ ಹರಿಸುವ ದೊಡ್ಡ ಯಂತ್ರ) ಬಗ್ಗೆ ಯಾರಾದರೂ ಹೇಳಿದರೆ: ನಿಮ್ಮ ಅಳತೆಗೆ ಅಲ್ಲ. ವಾಟರ್ ಕೂಲ್ಡ್ ಆದರೆ ಕೂಲಿಂಗ್ ಟವರಿಗೆ ಟನ್‌ಗೆ ಗಂಟೆಗೆ 8–10 ಲೀಟರ್ ನೀರು ಬೇಕು. 30 ಟನ್, ಹತ್ತು ಗಂಟೆಗೆ 2,400–3,000 ಲೀಟರ್. ಗಡಸು ಬೋರ್‌ವೆಲ್ ನೀರಾದರೆ ಪೈಪೊಳಗೆ ಸುಣ್ಣ ಕಟ್ಟುವ ತಲೆನೋವು ಬೇರೆ. ನೂರಾರು ಟನ್ನಿನ ಆಸ್ಪತ್ರೆ, ಕಾಲೇಜಿಗೆ ಬಿಡಿ.

ವಿದ್ಯುತ್ತಿನ ಕಡೆಯಿಂದ ನೋಡಿದರೂ ಟನ್ ಇಳಿಸುವುದೇ ಲಾಭ. ಟನ್‌ಗೆ ಸರಾಸರಿ 1.2 ಕಿಲೋವ್ಯಾಟ್ ಎಂದರೆ 30 ಟನ್‌ಗೆ 36, 75 ಟನ್‌ಗೆ 90 ಕಿಲೋವ್ಯಾಟ್. ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಹನ್ನೆರಡು ತಿಂಗಳೂ ಕಟ್ಟಬೇಕು, ಎಸಿ ಓಡದ ಡಿಸೆಂಬರ್‌ನಲ್ಲೂ. 90ಕ್ಕೆ ದೀಪ, ಲಿಫ್ಟ್, ಪಂಪ್ ಸೇರಿದರೆ ಸಂಪರ್ಕಿತ ಲೋಡ್ 100 ಕಿಲೋವ್ಯಾಟ್ ದಾಟಿ, 2017ರ ಇಸಿಬಿಸಿ (ವಾಣಿಜ್ಯ ಕಟ್ಟಡಗಳ ಇಂಧನ ಉಳಿತಾಯ ಸಂಹಿತೆ) ಹಾಕಿದ ಗೆರೆಯನ್ನೂ ದಾಟುತ್ತೀರಿ. ಹಾಸನ ಸೆಸ್ಕ್ ವ್ಯಾಪ್ತಿ, ಚಿಕ್ಕಮಗಳೂರು ಮೆಸ್ಕಾಂ. ಲೋಡಿಗೆ ಅರ್ಜಿ ಹಾಕುವ ಮೊದಲೇ ಟ್ರಾನ್ಸ್‌ಫಾರ್ಮರ್ ಜಾಗದ ವಿಚಾರ ಕೇಳಿಕೊಳ್ಳಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಇನ್ವರ್ಟರ್ ಪಿಸಿಬಿ ಸುಡುವುದು ಮಾಮೂಲು. ಮುಖ್ಯ ಪ್ಯಾನೆಲ್‌ನಲ್ಲಿ ಸರ್ಜ್ ಪ್ರೊಟೆಕ್ಟರ್, ಮೂರು ಫೇಸ್ ಯಂತ್ರಗಳಿಗೆ ಸಿಂಗಲ್ ಫೇಸ್ ಪ್ರಿವೆಂಟರ್, ಸರಿಯಾದ ಅರ್ತಿಂಗ್ ಇರಲಿ. ಜನರೇಟರಿಗೂ ಈ ಎತ್ತರದಲ್ಲಿ ಶಕ್ತಿ ಸ್ವಲ್ಪ ತಗ್ಗುತ್ತದೆ, ತಯಾರಕರ ಡೀರೇಟಿಂಗ್ ಪಟ್ಟಿ ಕೇಳಿ.

ಈಗ ಮೋಲ್ಡ್‌ಗೆ ಮೊದಲು ಆಗಬೇಕಾದ್ದು. 5.5 ಟನ್ನಿನ ಯಂತ್ರದ ಮುಖ್ಯ ಡಕ್ಟ್ 24×12 ಇಂಚು ಬರುತ್ತದೆ, ಇನ್ಸುಲೇಶನ್ ಸೇರಿ ಎತ್ತರ 14. ಬೀಮ್ 18 ಇಂಚು, ಸೀಲಿಂಗ್ ಚೌಕಟ್ಟು, ದೀಪಕ್ಕೆ 6. ಮೋಲ್ಡಿನಿಂದ ಮೋಲ್ಡಿಗೆ 13 ಅಡಿ ಇಟ್ಟರೆ ಒಳಗೆ ಹತ್ತಡಿಗೆ ಎರಡಿಂಚು ಕಡಿಮೆ ಸಿಗುತ್ತದೆ. 11 ಅಡಿ ಇಟ್ಟರೆ ಎಂಟಡಿಯೂ ಉಳಿಯುವುದಿಲ್ಲ. ಆಮೇಲೆ ಬೀಮ್ ಕೊರೆಯಲು ಬರುತ್ತಾರೆ, ಅದಂತೂ ಆಗಕೂಡದು. ಪೈಪ್, ಡ್ರೈನ್, ಹೊರಗಾಳಿ ಡಕ್ಟ್ ಹಾಯುವ ತೂತುಗಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆಯಲ್ಲಿ ಈಗಲೇ ಗುರುತಿಸಿ ಸ್ಲೀವ್ ಇಡಿಸಿ. ಡ್ರೈನ್‌ಗೆ 100ಕ್ಕೆ 1 ಇಳಿಜಾರು ಬೇಕು, ಅದಕ್ಕೂ ಎತ್ತರ ತಿನ್ನುತ್ತದೆ.

ಅಳವಡಿಕೆಯಲ್ಲಿ ನೀವೇ ನಿಂತು ನೋಡಬಹುದಾದ ನಾಲ್ಕಾರು ಸಂಗತಿ. ತಾಮ್ರದ ಪೈಪ್ ಬ್ರೇಜಿಂಗ್ (ಬೆಸುಗೆ) ಮಾಡುವಾಗ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲದಿದ್ದರೆ ಒಳಗೆ ಕಪ್ಪು ಹೊಪ್ಪಳೆ ಕಟ್ಟಿ, ತಿಂಗಳ ನಂತರ ವಾಲ್ವ್ ಕಟ್ಟುತ್ತದೆ. ಆಮೇಲೆ ನೈಟ್ರೋಜನ್ ತುಂಬಿ ಸುಮಾರು 600 ಪಿಎಸ್‌ಐಗೆ 24 ಗಂಟೆ ಒತ್ತಡ ಪರೀಕ್ಷೆ. ಗೇಜಿನ ಅಂಕಿಯ ಜೊತೆ ಆ ಹೊತ್ತಿನ ಉಷ್ಣತೆಯನ್ನೂ ಬರೆದಿಡಿ. ಸಂಜೆ 28 ಡಿಗ್ರಿ ಇದ್ದು ಬೆಳಗ್ಗೆ 18 ಆದರೆ ಸೋರಿಕೆಯಿಲ್ಲದೆಯೇ 20 ಪಿಎಸ್‌ಐ ಇಳಿದಿರುತ್ತದೆ. ಮಧ್ಯಾಹ್ನಕ್ಕೆ ಮತ್ತೆ ಏರದಿದ್ದರೆ ಮಾತ್ರ ಸೋರಿಕೆ.

ಗ್ಯಾಸ್ ತುಂಬುವ ಮೊದಲು ಪೈಪೊಳಗಿನ ಗಾಳಿ, ತೇವವನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ವಿಚಾರದಲ್ಲಿ ಬಯಲುಸೀಮೆ ಪಾಠ ಇಲ್ಲಿ ನಡೆಯುವುದಿಲ್ಲ. ಸಾದಾ ಕಾಂಪೌಂಡ್ ಗೇಜ್ ಸಮುದ್ರಮಟ್ಟದಲ್ಲಿ 30 ಇಂಚಿನ ಹತ್ತಿರ ತೋರಿಸುತ್ತದೆ. ಹಾಸನದಲ್ಲಿ ಎಷ್ಟು ಎಳೆದರೂ 27ರ ಆಸುಪಾಸಿಗೇ ನಿಲ್ಲುತ್ತದೆ, ಚಿಕ್ಕಮಗಳೂರಿನಲ್ಲಿ ಅದಕ್ಕಿಂತ ತುಸು ಕಡಿಮೆ. ಮೆಕ್ಯಾನಿಕ್ ಪಂಪ್ ಸರಿಯಿಲ್ಲ ಎಂದುಕೊಂಡು ಪರದಾಡುತ್ತಾನೆ, ಇಲ್ಲವೇ 27 ಬಂತಲ್ಲ ಎಂದು ತೇವ ಉಳಿದಿರುವಾಗಲೇ ಗ್ಯಾಸ್ ಬಿಡುತ್ತಾನೆ. ಮೈಕ್ರಾನ್ ಗೇಜ್ ಕೇಳಿ: 500 ಮೈಕ್ರಾನ್‌ಗೆ ಇಳಿಯಬೇಕು, ಪಂಪ್ ನಿಲ್ಲಿಸಿದ ಮೇಲೆ ಓಡಿ ಓಡಿ ಏರಬಾರದು. ಗ್ಯಾಸನ್ನು ಪ್ರೆಶರ್ ನೋಡಿಕೊಂಡಲ್ಲ, ತಕ್ಕಡಿಯಲ್ಲಿ ತೂಗಿ, ಪೈಪಿನ ಉದ್ದಕ್ಕೆ ಲೆಕ್ಕ ಹಾಕಿ ತುಂಬಿಸಬೇಕು. ಆರ್-32 ಆದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ, ಸೋರಿಕೆ ಹುಡುಕುವಾಗ ಹತ್ತಿರ ಬೆಂಕಿ ಬೇಡ. ಹಳೆಯ ಆರ್-22 ಯಂತ್ರ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ. ಆ ಗ್ಯಾಸಿನ ಕಾಲ ಮುಗಿಯುತ್ತಿದೆ.

ಪೈಪಿನ ನೈಟ್ರೈಲ್ ಹೊದಿಕೆ ಸೀಲಿಂಗ್ ಒಳಗೆ 19 ಮಿಮೀ ಇರಲಿ. 9 ಮಿಮೀ ಹಾಕಿದರೆ ಏಪ್ರಿಲ್‌ನಲ್ಲಿ ಸುಮ್ಮನಿರುತ್ತದೆ, ಜುಲೈಯಲ್ಲಿ ಬೆವರಿ ಜಿಪ್ಸಮ್ ಬೋರ್ಡ್ ಕಲೆ ಮಾಡುತ್ತದೆ. ತಾರಸಿ ಮೇಲೆ ಅದೇ ಹೊದಿಕೆಯನ್ನು ಬಿಸಿಲು ಪುಡಿ ಮಾಡುತ್ತದೆ, ಮಂಗಗಳು ಕಿತ್ತು ಹಾಕುತ್ತವೆ. ಮುಚ್ಚಳವಿರುವ ಜಿಐ ಟ್ರೇಯಲ್ಲಿ ಓಡಿಸಿ. ಡ್ರೈನ್ ಪೈಪಿಗೂ ಹೊದಿಕೆ ಬೇಕು. ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಟ್ರೇಗೆ ಬಕೆಟ್ ನೀರು ಸುರಿದು, ಕೆಳಗೆ ಅಷ್ಟೇ ಬರುತ್ತದೋ ನೋಡಿ.

ಹೊಸ ಕೊಟೇಶನ್ ಕೇಳುವಾಗ ಟನ್ ದರ ಕೇಳಬೇಡಿ. ಮಹಡಿವಾರು ಶಾಖದ ಲೆಕ್ಕದ ಹಾಳೆ ಕೇಳಿ: ಬಿಸಿ ಎಷ್ಟು, ತೇವ ಎಷ್ಟು ಬೇರೆ ಬೇರೆಯಾಗಿ, ಏಪ್ರಿಲ್‌ಗೊಂದು, ಜುಲೈಗೊಂದು. ಹೊರಗಾಳಿಯ ಸಿಎಫ್‌ಎಂ ಬರೆದಿರಬೇಕು. ಒಳಗೆ 24 ಡಿಗ್ರಿ ಇರುವಾಗ ಯಂತ್ರದ ಶಕ್ತಿ ಎಷ್ಟು, ಅರ್ಧ ಹೊರೆಯಲ್ಲಿ ಎಷ್ಟು ಕಿಲೋವ್ಯಾಟ್ ಎಳೆಯುತ್ತದೆ ಎಂಬುದು ಇರಬೇಕು. ಪಿಸಿಬಿ ಎಲ್ಲಿ ದಾಸ್ತಾನಿದೆ, ದೂರು ಕೊಟ್ಟ ಎಷ್ಟು ಗಂಟೆಯಲ್ಲಿ ಹಾಸನಕ್ಕೆ ಬರುತ್ತಾರೆ ಎಂದು ಬರಹದಲ್ಲಿ ಪಡೆಯಿರಿ. ಕೊನೆಯ ಶೇ. 10 ಹಣವನ್ನು ಕೆಲಸ ಮುಗಿದ ದಿನ ಕೊಡದೆ ಮೊದಲ ಮಳೆಗಾಲದವರೆಗೆ ಹಿಡಿದಿಡುವ ಷರತ್ತು ಹಾಕಿ. ಜುಲೈಯಲ್ಲಿ ಮೂರು ದಿನ, ಅಂಗಡಿ ತುಂಬಿರುವ ಹೊತ್ತಿನಲ್ಲಿ, ಗಲ್ಲಾ ಹತ್ತಿರ ಮತ್ತು ಸೀರೆ ವಿಭಾಗದಲ್ಲಿ ಇಟ್ಟ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಮಾಪಕ) 24–25 ಡಿಗ್ರಿಯಲ್ಲಿ ಶೇ. 60 ತೇವಾಂಶ ಮೀರಬಾರದು. ಮೀರಿದರೆ ಫ್ಯಾನ್ ವೇಗ, ಇಆರ್‌ವಿ, ಡ್ಯಾಂಪರ್ ಸರಿಮಾಡಿ ಮತ್ತೆ ಅಳೆದು ತೋರಿಸಿದ ಮೇಲೆಯೇ ಚೆಕ್ ಬರೆಯಿರಿ.